ಮೈನಸ್ 196 ಡಿಗ್ರಿಯಲ್ಲೂ ಬಿರಿಯದ ಬೆಸುಗೆ: ಇಂಕೊನೆಲ್ 718 ಜೋಡಿಸುವುದು ಹೇಗೆ?

ನಿಕ್ಕಲ್ ಮಿಶ್ರಲೋಹವಾದ ಇಂಕೊನೆಲ್ 718 ಚಳಿಗೆ ಹೆದರುವ ಲೋಹವಲ್ಲ. ದ್ರವ ಸಾರಜನಕದ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಬಲ ಹೆಚ್ಚುತ್ತದೆ. ಸಾಮಾನ್ಯ ಉಕ್ಕಿನ ಹಾಗೆ ಪೆಡಸಾಗುವುದಿಲ್ಲ. ಕೈಕೊಡುವುದು ಬೆಸುಗೆ. ಕರಗಿದ ಲೋಹ ಗಟ್ಟಿಯಾಗುವಾಗ ಅದರಲ್ಲಿರುವ ಶೇ 5ರಷ್ಟು ನಿಯೋಬಿಯಂನ ದೊಡ್ಡ ಪಾಲು ಕೊನೆಗೆ ಹೆಪ್ಪುಗಟ್ಟುವ ಸಂದುಗಳಿಗೆ ಸರಿದು, ‘ಲಾವೆಸ್’ ಎಂಬ ಪೆಡಸು ಕಣಗಳಾಗುತ್ತದೆ. ಬಿರುಕಿಗೆ ಅದೇ ದಾರಿ. ಬಲ ಕೊಡಬೇಕಿದ್ದ ನಿಯೋಬಿಯಂ ಕೂಡ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಲೋಹವನ್ನು ಏಜಿಂಗ್ (ಕುಲುಮೆಯಲ್ಲಿ ಗಂಟೆಗಟ್ಟಲೆ ಕಾಯಿಸಿ ಬಲ ಬರಿಸುವುದು) ಮಾಡುವ ಮೊದಲೇ, ಮೆದು ಸ್ಥಿತಿಯಲ್ಲಿ ಬೆಸೆಯಿರಿ. ಜೋಡಣೆಯ ಎರಡೂ ಬದಿ 25 ಮಿ.ಮೀ. ಅಗಲಕ್ಕೆ ಆಕ್ಸೈಡ್ ಉಜ್ಜಿ ತೆಗೆದು, ಅಸಿಟೋನ್‌ನಿಂದ ಒರೆಸಿ. ಎಣ್ಣೆ, ಮಾರ್ಕರ್ ಗುರುತುಗಳಲ್ಲಿನ ಗಂಧಕ ಉಳಿದರೆ ಬಿಸಿಯಲ್ಲೇ ಬಿರುಕು ಬಿಡುತ್ತದೆ. ಹಿಂಬದಿಗೂ ಆರ್ಗಾನ್ ಹರಿಸಿ.

ಟಿಗ್‌ನಲ್ಲಿ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಬೆಸೆಯುವ ವಿಧಾನ) ಬಿಟ್ಟುಬಿಟ್ಟು ಏರಿಳಿಯುವ ಪಲ್ಸ್ ಕರೆಂಟ್ ಇಟ್ಟು, ಟಾರ್ಚನ್ನು ಅಕ್ಕಪಕ್ಕ ತೂಗಾಡಿಸದೆ ಸಣ್ಣ, ನೇರ ಸಾಲುಗಳನ್ನು ಹಾಕಿ. ಮುಂದಿನ ಸಾಲಿಗೆ ಮುನ್ನ ಲೋಹ 100 ಡಿಗ್ರಿಗಿಂತ ಕೆಳಗೆ ಇಳಿಯಲಿ. ಬೇಗ ತಣಿದಷ್ಟೂ ಲಾವೆಸ್ ಕಣಗಳು ಸಣ್ಣವಾಗಿ, ಬಿಡಿಬಿಡಿಯಾಗಿ ಉಳಿಯುತ್ತವೆ. ಸೌಲಭ್ಯವಿದ್ದರೆ ಎಲೆಕ್ಟ್ರಾನ್ ಬೀಮ್ ಬೆಸುಗೆ ಇನ್ನೂ ಒಳ್ಳೆಯದು. ಸಾಲಿನ ಕೊನೆಯಲ್ಲಿ ಕರೆಂಟನ್ನು ನಿಧಾನವಾಗಿ ಇಳಿಸಿ; ಥಟ್ಟನೆ ನಿಲ್ಲಿಸಿದರೆ ಗುಳಿಯಲ್ಲಿ ನಕ್ಷತ್ರದಂಥ ಬಿರುಕು ಬೀಳುತ್ತದೆ.

ಬೆಸೆದ ಮೇಲೆ ಲಾವೆಸ್ ಕರಗಿಸಲು ಕುಲುಮೆಯಲ್ಲಿ ಕಾಯಿಸುವಾಗಲೇ ಹೆಚ್ಚಿನವರು ಎಡವುವುದು. ರೂಢಿಯ 980 ಡಿಗ್ರಿ ಬೆಸುಗೆಗೆ ಸಾಲದು: ಲಾವೆಸ್ ಅರೆಬರೆ ಕರಗಿ, ಸುತ್ತ ನಿಯೋಬಿಯಂ ಸೇರಿದ, ಸೂಜಿಯಂಥ ‘ಡೆಲ್ಟಾ’ ಕಣಗಳು ಬೆಳೆಯುತ್ತವೆ. 1080 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ನಿಯೋಬಿಯಂ ಬಹುಮಟ್ಟಿಗೆ ಮತ್ತೆ ಹರಡಿಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಮೂಲ ಲೋಹದ ಹರಳುಗಳು ದಪ್ಪಗಾಗುತ್ತವೆ. ಆದ್ದರಿಂದ ಹೆಚ್ಚು ಹೊತ್ತು ಬಿಡಬೇಡಿ. 1150 ಡಿಗ್ರಿಯತ್ತ ಹೋದರಂತೂ ಲಾವೆಸ್ ಇರುವಲ್ಲೇ ಲೋಹ ಕರಗುವ ಅಪಾಯವಿದೆ. ಬೇಗ ತಣಿಸಿದ ಮೇಲೆ ಏಜಿಂಗ್‌ಗಾಗಿ 720 ಡಿಗ್ರಿಯಲ್ಲಿ 8 ಗಂಟೆ ಇಟ್ಟು, ಗಂಟೆಗೆ 55 ಡಿಗ್ರಿಯಂತೆ 620ಕ್ಕೆ ಇಳಿಸಿ, ಅಲ್ಲಿ ಇನ್ನೂ 8 ಗಂಟೆ ಇಡಿ.

ಈಗ ಪರೀಕ್ಷೆ. ಚಾರ್ಪಿ ತುಂಡಿನ (ಲೋಲಕದ ಹೊಡೆತದಿಂದ ಮುರಿದು ನೋಡುವ ಮಾದರಿ) ಗೀರು ಬೆಸುಗೆಯ ನಡುವೆಯೇ ಇರಲಿ. ದ್ರವ ಸಾರಜನಕದಲ್ಲಿ ಅದ್ದಿದಾಗ ಮೊದಲು ಆವಿಯ ಪೊರೆ ತುಂಡನ್ನು ಸುತ್ತಿಕೊಳ್ಳುತ್ತದೆ. ಆಮೇಲೆ ಒಮ್ಮೆಲೇ ಭೋರೆಂದು ಕುದಿದು ಶಾಂತವಾಗುತ್ತದೆ. ಅಲ್ಲಿಂದ 5 ನಿಮಿಷ ಲೆಕ್ಕ ಹಾಕಿ. ಹೊರತೆಗೆದ 5 ಸೆಕೆಂಡಿನೊಳಗೆ ಹೊಡೆತ ಬೀಳಬೇಕು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ತಳ್ಳಿಬಿಡುತ್ತದೆ, ಗಾಳಿಯಾಡುವಲ್ಲೇ ಈ ಕೆಲಸ ಮಾಡಿ.

ಬೆಸುಗೆ ಸುಲಭವಾಗಿ ಮುರಿದರೆ ಅಡ್ಡ ಕೊಯ್ದು, ಪಾಲಿಶ್ ಮತ್ತು ಎಚ್ (ರಾಸಾಯನಿಕದಿಂದ ಮೇಲ್ಮೈ ಕೊರೆಯುವುದು) ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ. ಕಣಗಳು ಸರಪಳಿಯಂತೆ ಕೂಡಿಕೊಂಡಿದ್ದರೆ ಬೆಸೆಯುವಾಗಲೇ ಬಿಸಿ ಹೆಚ್ಚಾಗಿದೆ. ಸುತ್ತ ಸೂಜಿಗಳು ಕಂಡರೆ ಕುಲುಮೆ ಸಾಕಷ್ಟು ಕಾದಿಲ್ಲ.