ಮನೆ ಭೇಟಿಗೆ ಹೋಗುವ ಸುವಾರ್ತಿಕರಿಗೆ (ಕ್ರೈಸ್ತ ಸಂದೇಶ ಸಾರುವವರಿಗೆ): ಚಹಾ ತಪ್ಪಿಸುವ ಉಪಾಯ

ಹೊಸ್ತಿಲು ದಾಟುತ್ತಲೇ, ಕೂರುವ ಮೊದಲೇ, "ಅಕ್ಕಾ, ಮಜ್ಜಿಗೆ ಇದ್ರ ಒಂದು ಲೋಟ ಕೊಡ್ರಿ, ಚಹಾ ಬ್ಯಾಡ" ಅಂದುಬಿಡಿ. ಮನೆಯವರಿಗೆ ಏನಾದರೂ ಕೊಟ್ಟ ಸಮಾಧಾನ ಬೇಕು, ಅಷ್ಟೇ; ಒಲೆಗೆ ಪಾತ್ರೆ ಏರಿದ ಮೇಲೆ ಬೇಡ ಅಂದರೆ ಅವರ ಮುಖ ಸಣ್ಣದಾಗುತ್ತದೆ. ಬೀದರ್ ಕಡೆ ಹಳ್ಳಿಗಳ ಚಹಾ ಗೊತ್ತಲ್ಲ, ಲೋಟದ ತಳದಲ್ಲಿ ಕರಗದ ಸಕ್ಕರೆ! ಐದಾರು ಮನೆ ಮುಗಿಯುವಷ್ಟರಲ್ಲಿ ಎದೆಯುರಿ, ಆಮೇಲೆ ಬೈಕ್ ಮೇಲೆ ಊರು ಸೇರಬೇಕು. ಎಮ್ಮೆ ಇಲ್ಲದ ಮನೆಯಲ್ಲಿ ಮಾತ್ರ ಮಜ್ಜಿಗೆ ಕೇಳಬೇಡಿ, ಪಕ್ಕದ ಮನೆಗೆ ಓಡುತ್ತಾರೆ, ಬೆಲ್ಲ-ನೀರು ಕೇಳಿ. ಕ್ರಿಸ್‌ಮಸ್ ವಾರ ಈ ಉಪಾಯ ನಡೆಯುವುದೇ ಇಲ್ಲ. ಚಹಾ ಜೊತೆ ಕರಜಿಕಾಯಿನೂ ಬರುತ್ತದೆ, ಸುಮ್ಮನೆ ತಿನ್ನಿ.