ಮೂರು ಲೋಕೊ, 58 ವ್ಯಾಗನ್: ಸಕಲೇಶಪುರ ಘಾಟಿಯನ್ನು ಸಿಮ್ಯುಲೇಟರಿನಲ್ಲಿ ಇಳಿದ ನನ್ನ ಅನುಭವ

ಕಬ್ಬಿಣದ ಅದಿರು ತುಂಬಿದ 58 ಬಾಕ್ಸ್-ಎನ್ (ಮೇಲ್ಭಾಗ ತೆರೆದ) ವ್ಯಾಗನ್‌ಗಳ ಪೂರ್ಣ ರೇಕನ್ನು, ಅಂದರೆ ವ್ಯಾಗನ್‌ಗಳ ಸಾಲನ್ನು, ಮೂರೇ ಡಬ್ಲ್ಯುಡಿಜಿ-4 ಡೀಸೆಲ್ ಲೋಕೊಗಳೊಂದಿಗೆ (ಎಂಜಿನ್), ಬ್ರೇಕಿಗೆ ಗಾಳಿ ತುಂಬಿಸಿಕೊಳ್ಳಲೆಂದು ನಡುವೆ ಎಲ್ಲಿಯೂ ನಿಲ್ಲದೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಇಳಿಸುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಸಿಮ್ಯುಲೇಟರ್ ಬಳಗದಲ್ಲಿ ನಕ್ಕವರೇ ಹೆಚ್ಚು. ಐದು ಲೋಕೊ ಇಲ್ಲದೆ ಆಗದು ಎಂದವರಿದ್ದರು, ಮೂರರಲ್ಲಿ ಇಳಿಸಿದರೆ ಅದು ಸಿಮ್ಯುಲೇಟರಿನ ಕಡತ ತಿದ್ದಿ ಮಾಡಿದ ಮೋಸವೇ ಸರಿ ಎಂದವರೂ ಇದ್ದರು. ಲೋಕೊ ಪೈಲಟ್ ಆಗಿ ನಿವೃತ್ತರಾದ ನನ್ನ ಸೋದರಮಾವನವರಂತೂ "ಮೇಜಿನ ಮೇಲೆ ಕೂತು ಘಾಟಿ ಇಳಿಸುತ್ತೀಯೇನೋ" ಎಂದು ಕೇಳಿ ಮಾತನ್ನು ಅಲ್ಲಿಗೇ ಮುಗಿಸಿದ್ದರು. ಕಡತ ತಿದ್ದಿದ್ದು ನಿಜ. ಆದರೆ ನನ್ನ ತಿದ್ದುಪಡಿಗಳಿಂದ ಕೆಲಸ ಸುಲಭವಾಗಲಿಲ್ಲ, ಇನ್ನಷ್ಟು ಕಷ್ಟವಾಯಿತು. ಒಂದೂವರೆ ವರ್ಷದ ಸೋಲುಗಳ ನಂತರ ಕೊನೆಗೂ ರೇಕು ಕೆಳಗೆ ತಲುಪಿರುವುದರಿಂದ ಅದರ ವಿವರವನ್ನು ಬರೆದಿಡುತ್ತಿದ್ದೇನೆ.

ನಾನು ಬಳಸುವುದು ಓಪನ್ ರೈಲ್ಸ್ ಎಂಬ ರೈಲು ಸಿಮ್ಯುಲೇಟರ್. ಮಾರ್ಗವು ಗೆಳೆಯರೊಬ್ಬರು ಅರ್ಧಕ್ಕೆ ಬಿಟ್ಟಿದ್ದನ್ನು ನಾನು ಕೈಗೆತ್ತಿಕೊಂಡು ಮುಂದುವರಿಸಿದ್ದು. ಸುಮಾರು 55 ಕಿ.ಮೀ. ಉದ್ದದ ಈ ಘಾಟಿಯಲ್ಲಿ ನಿಜವಾಗಿ ಇರುವುದು 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ನನ್ನ ಮಾರ್ಗದಲ್ಲಿ ಸುರಂಗಗಳು ಎಲ್ಲವೂ ಇವೆ, ಸೇತುವೆಗಳಲ್ಲಿ ಕೆಲವು ಬರಿಯ ಮಣ್ಣಿನ ಏರಿಗಳಾಗಿಯೇ ಉಳಿದಿವೆ. ನೋಟಕ್ಕಿಂತ ನನ್ನನ್ನು ಕಾಡಿದ್ದು ಇಳಿಜಾರು. ಹಿಂದಿನವರು ಉಪಗ್ರಹದ ಎತ್ತರದ ದತ್ತಾಂಶವನ್ನೇ ನಂಬಿ ಹಳಿಯನ್ನು ನೆಲಕ್ಕೆ ಅಂಟಿಸಿಕೊಂಡು ಹೋಗಿದ್ದರಿಂದ, 50ಕ್ಕೆ 1ರಷ್ಟು, ಅಂದರೆ 50 ಮೀಟರಿಗೆ ಒಂದು ಮೀಟರಿನಂತೆ, ಏಕರೂಪವಾಗಿ ಇಳಿಯಬೇಕಾದ ಹಳಿ ಒಂದೆಡೆ 38ಕ್ಕೆ 1 ಆಗಿ ಧುಮುಕಿ, ಇನ್ನೊಂದೆಡೆ ಸಮತಟ್ಟಾಗಿ, ಮತ್ತೊಂದೆಡೆ ಮೇಲಕ್ಕೂ ಏರುತ್ತಿತ್ತು. ಇಂತಹ ಹಳಿಯ ಮೇಲೆ ಉದ್ದನೆಯ ರೇಕು ಹಾವಿನಂತೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಮುದುಡಿಕೊಳ್ಳುತ್ತದೆ, ಯಾವ ಚಾಲನಾ ಕ್ರಮವನ್ನೂ ಅದರ ಮೇಲೆ ಪರೀಕ್ಷಿಸಲಾಗದು. ದೋಣಿಗಲ್‌ನಿಂದ ಸಿರಿಬಾಗಿಲಿನವರೆಗೆ ಹಳಿಯನ್ನು ಕಿತ್ತು ಮತ್ತೆ ಹಾಸಲು ನನಗೆ ಏಳೆಂಟು ತಿಂಗಳ ಭಾನುವಾರಗಳು ಬೇಕಾದವು.

ಆಮೇಲೆ ತೂಕದ ವಿಷಯ. ನನ್ನ ಆಟದ ಕಾಲ 2009, ಅಂದರೆ ರಾಜ್ಯ ಸರ್ಕಾರವು 2010ರಲ್ಲಿ ಅದಿರಿನ ರಫ್ತನ್ನು ನಿಷೇಧಿಸುವುದಕ್ಕೆ ಮೊದಲು, ಅದಿರು ಮಂಗಳೂರಿನ ಬಂದರಿಗೆ ಇಳಿಯುತ್ತಿದ್ದ ದಿನಗಳು. ಅದಿರು ಭಾರವಾದ ಸರಕಾದ್ದರಿಂದ ಬಾಕ್ಸ್-ಎನ್ ವ್ಯಾಗನ್ ಅರ್ಧ ತುಂಬುವಷ್ಟರಲ್ಲಿಯೇ ಅದರ ಮಿತಿ ಮುಟ್ಟುತ್ತದೆ. ನಾವು ಎಲ್ಲರೂ ಅಂತರಜಾಲದಿಂದ ಇಳಿಸಿಕೊಂಡು ಬಳಸುತ್ತಿದ್ದ ವ್ಯಾಗನ್ ಕಡತವನ್ನು ತಯಾರಿಸಿದವರು ಈ ಅರ್ಧ ಖಾಲಿ ನೋಟಕ್ಕೆ ಮೋಸ ಹೋದರೋ ಏನೋ, ಒಂದು ವ್ಯಾಗನ್ನಿಗೆ 60 ಟನ್ನಿನ ಆಸುಪಾಸು ತೂಕ ಬರೆದಿದ್ದರು. ಇರಬೇಕಾದದ್ದು 81.28 ಟನ್. ಇಡೀ ರೇಕಿಗೆ ಲೆಕ್ಕ ಹಾಕಿದರೆ 1,200 ಟನ್ನಿಗೂ ಹೆಚ್ಚಿನ ಕೊರತೆ. 50ಕ್ಕೆ 1ರ ಇಳಿಜಾರಿನಲ್ಲಿ ಅಷ್ಟು ತೂಕವು ಕೆಳಕ್ಕೆಳೆಯುವ ಬಲ ಸುಮಾರು 25 ಟನ್, ಅಂದರೆ ಒಂದು ಡಬ್ಲ್ಯುಡಿಜಿ-4ರ ಡೈನಮಿಕ್ ಬ್ರೇಕಿನ (ಲೋಕೊದ ಮೋಟಾರುಗಳನ್ನೇ ಜನರೇಟರಿನಂತೆ ದುಡಿಸಿ ವೇಗ ತಡೆಯುವ ಬ್ರೇಕ್) ಬಲಕ್ಕೆ ಹೆಚ್ಚುಕಡಿಮೆ ಸಮ. ಘಾಟಿ ಇಳಿಸಿದ್ದೇವೆಂದು ಬಳಗದಲ್ಲಿ ಹೇಳಿಕೊಂಡಿದ್ದವರೆಲ್ಲ ಬೆನ್ನಿಗೆ ಒಂದು ಕಾಣದ ಲೋಕೊವನ್ನು ಕಟ್ಟಿಕೊಂಡೇ ಇಳಿದಿದ್ದರು. ಇದನ್ನು ತೋರಿಸಿದ ದಿನ ನನ್ನ ಗೆಳೆಯರ ಸಂಖ್ಯೆ ಸ್ವಲ್ಪ ಕಡಿಮೆಯಾಯಿತು.

ತೂಕದ ತಪ್ಪು ಆಟದಲ್ಲಿ ಮಾತ್ರ ಆಗುವಂಥದ್ದಲ್ಲ. ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯಿಂದ 1989ರ ಮೇ 12ರಂದು ಹತೋಟಿ ತಪ್ಪಿ ಇಳಿದು ಸ್ಯಾನ್ ಬರ್ನಾರ್ಡಿನೊದ ಮನೆಗಳ ಮೇಲೆ ಬಿದ್ದ ಸದರ್ನ್ ಪೆಸಿಫಿಕ್ ಗೂಡ್ಸ್ ರೈಲಿನಲ್ಲಿಯೂ ಸರಕಿನ ತೂಕವನ್ನು ತೀರಾ ಕಡಿಮೆ ಅಂದಾಜು ಮಾಡಲಾಗಿತ್ತು. ಲೋಕೊಗಳಲ್ಲಿ ಕೆಲವಕ್ಕೆ ಡೈನಮಿಕ್ ಬ್ರೇಕ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಹಿಂದಿನ ಲೋಕೊದಿಂದ ತುರ್ತು ಬ್ರೇಕ್ ಹಾಕಿದೊಡನೆ ಕೆಲಸ ಮಾಡುತ್ತಿದ್ದ ಡೈನಮಿಕ್ ಬ್ರೇಕ್ ಕೂಡ ಕಡಿದುಹೋಯಿತು. ಘಾಟಿಯಲ್ಲಿ ಬ್ಯಾಕ್‌ಸ್ಪೇಸ್ ಒತ್ತಿ ತುರ್ತು ಬ್ರೇಕನ್ನು ನಂಬುವವರು ಈ ಅಪಘಾತದ ತನಿಖಾ ವಿವರಗಳನ್ನು ಒಮ್ಮೆ ಓದಬೇಕು.

ತೂಕ ಸರಿಪಡಿಸಿದ ಮೇಲೆ ನನ್ನ ರೇಕು ಸುಮಾರು 4,700 ಟನ್, ಲೋಕೊಗಳೂ ಸೇರಿದರೆ 5,100 ಟನ್. ಉರುಳುವಿಕೆಯ ಮತ್ತು ತಿರುವುಗಳ ಪ್ರತಿರೋಧವನ್ನು ಕಳೆದರೆ ಹಿಡಿದಿಡಬೇಕಾದ ಬಲ 84 ಟನ್ನಿನ ಸುತ್ತಮುತ್ತ. ಮೂರು ಲೋಕೊಗಳ ಡೈನಮಿಕ್ ಬ್ರೇಕ್ ತಲಾ 27 ಟನ್ನಿನಂತೆ 81. ಮೂರು ಟನ್ನಿನ ಕೊರತೆ ಎಂದರೆ ಏನೂ ಅಲ್ಲ ಅನ್ನಿಸಬಹುದು, ಆದರೆ ವೇಗ ನಿಧಾನವಾಗಿ ಏರುತ್ತಲೇ ಹೋಗುತ್ತದೆ, ಇಳಿಯುವುದಿಲ್ಲ. ಆದ್ದರಿಂದ ಗಾಳಿ ಬ್ರೇಕಿನ (ರೈಲಿನುದ್ದದ ಪೈಪಿನಲ್ಲಿ ಗಾಳಿಯ ಒತ್ತಡ ಇಳಿಸಿದರೆ ವ್ಯಾಗನ್‌ಗಳಲ್ಲಿ ಹಿಡಿಯುವ ಬ್ರೇಕ್) ನೆರವು ಬೇಕೇ ಬೇಕು, ನಾನು ಕೆಟ್ಟದ್ದು ಅಲ್ಲಿಯೇ.

ಮೊದಲ ಹತ್ತು ಹನ್ನೆರಡು ಪ್ರಯತ್ನಗಳಲ್ಲಿ ನಾನು ಅಮೆರಿಕದ ಮಾರ್ಗಗಳಲ್ಲಿ ಕಲಿತ ರೀತಿಯನ್ನೇ ಅನುಸರಿಸಿದೆ: ವೇಗ ಗಂಟೆಗೆ 30 ಕಿ.ಮೀ. ಮುಟ್ಟಿದಾಗ ಬ್ರೇಕ್ ಹಾಕುವುದು, 20ಕ್ಕೆ ಇಳಿದಾಗ ಪೂರ್ತಿ ಬಿಡುವುದು. ಮೊದಲ ಎರಡು ಸುತ್ತು ಸರಾಗವಾಗಿ ಆಗುತ್ತಿತ್ತು. ಮೂರನೆಯ ಸುತ್ತಿಗೆ, ಕಡಗರವಳ್ಳಿ ದಾಟಿದ ಮೇಲೆ, ವ್ಯಾಗನ್‌ಗಳಲ್ಲಿ ಬ್ರೇಕಿನ ಗಾಳಿಯನ್ನು ಕೂಡಿಡುವ ರಿಸರ್ವಾಯರುಗಳು ಮತ್ತೆ ತುಂಬಲು ಸಮಯ ಸಾಲದೆ ಬ್ರೇಕ್ ಸಿಲಿಂಡರಿನಲ್ಲಿ ಒತ್ತಡವೇ ಹುಟ್ಟುತ್ತಿರಲಿಲ್ಲ. 620 ಮೀಟರ್ ಉದ್ದದ ಪೈಪಿನ ಕೊನೆಯ ವ್ಯಾಗನ್ನಿಗೆ ಗಾಳಿ ತಲುಪುವಷ್ಟರಲ್ಲಿ ರೈಲು 45 ದಾಟಿರುತ್ತಿತ್ತು. ಒಂದು ರಾತ್ರಿ ಎಡಕುಮೇರಿಯನ್ನು 96 ಕಿ.ಮೀ. ವೇಗದಲ್ಲಿ ಹಾದುಹೋದೆ. ನಿಜವಾದ ಎಡಕುಮೇರಿಯಲ್ಲಿ ಹಾಗಾಗಿದ್ದರೆ ಏನಾಗುತ್ತಿತ್ತೆಂದು ಊಹಿಸಲೂ ಮನಸ್ಸಾಗಲಿಲ್ಲ.

ತಪ್ಪು ನನ್ನ ಕೈಯದ್ದಷ್ಟೇ ಅಲ್ಲ, ಕಡತದ್ದೂ ಹೌದು ಎಂದು ತಿಳಿದದ್ದು ಮಾವನವರಿಂದ. ನಮ್ಮ ವ್ಯಾಗನ್‌ಗಳಲ್ಲಿ ಇರುವುದು ಡಿಸ್ಟ್ರಿಬ್ಯೂಟರ್ ವಾಲ್ವ್, ಬ್ರೇಕ್ ಪೈಪಿನ ಒತ್ತಡವನ್ನು ಎಷ್ಟು ಏರಿಸಿದರೆ ಅಷ್ಟೇ ಬ್ರೇಕ್ ಸಡಿಲವಾಗುತ್ತದೆ, ಅಮೆರಿಕದವರ ಹಾಗೆ ಒಮ್ಮೆಲೇ ಪೂರ್ತಿ ಬಿಟ್ಟುಹೋಗುವುದಿಲ್ಲ ಎಂದು ಅವರು ಮಾತಿನ ನಡುವೆ ಹೇಳಿದರು. ಕಡತ ತೆರೆದು ನೋಡಿದರೆ ಅಮೆರಿಕದ ಹಾಪರ್ ವ್ಯಾಗನ್ನಿನ ಬ್ರೇಕ್ ಭಾಗವನ್ನು ಅಕ್ಷರಶಃ ನಕಲಿಸಲಾಗಿತ್ತು. ಪೈಪಿನ ಒತ್ತಡವನ್ನು (ಚದರ ಸೆಂ.ಮೀ.ಗೆ) 5 ಕೆ.ಜಿ.ಗೆ, ಪೂರ್ಣ ಬ್ರೇಕಿನಲ್ಲಿ ಸಿಲಿಂಡರಿನ ಒತ್ತಡವನ್ನು 3.8 ಕೆ.ಜಿ.ಗೆ ತಂದು, ಹಂತಹಂತವಾಗಿ ಬಿಡುವ ವ್ಯವಸ್ಥೆಯನ್ನು ಕಡತದಲ್ಲಿಯೂ ಆಯ್ಕೆಗಳ ಪುಟದಲ್ಲಿಯೂ ಜಾರಿ ಮಾಡಿದೆ. ಪೈಪ್ ತುಂಬುವ ದರಕ್ಕೆ ಯಾವ ಅಂಕಿ ಹಾಕಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಮೂರು ತಿಂಗಳು ಕಳೆದಿದ್ದೇನೆ, ಬೇಕಾದವರೂ ಸ್ವಲ್ಪ ಕಳೆಯಲಿ.

ಇದಾದ ಮೇಲೆ ರೈಲು ಹತೋಟಿ ಮೀರಿ ಓಡುವುದು ನಿಂತಿತು, ಆದರೆ ಕಪ್ಲರ್ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ) ಮುರಿಯುವುದು ಶುರುವಾಯಿತು. ಮೂರು ಲೋಕೊಗಳೂ ಮುಂದೆಯೇ ಇದ್ದವು. ಬ್ರೇಕನ್ನು ಸ್ವಲ್ಪ ಸಡಿಲಿಸಿದರೆ ಮುಂದಿನ ವ್ಯಾಗನ್‌ಗಳು ಮೊದಲು ಬಿಡುತ್ತವೆ, ಹಿಂದಿನವು ಇನ್ನೂ ಹಿಡಿದುಕೊಂಡೇ ಇರುತ್ತವೆ, ನಡುವೆ ಜಗ್ಗಾಟವಾಗಿ ನಲವತ್ತನೆಯ ವ್ಯಾಗನ್ನಿನ ಆಸುಪಾಸಿನಲ್ಲಿ ರೇಕು ಎರಡು ತುಂಡಾಗುತ್ತಿತ್ತು. ಹೀಗೆ ಒಂಬತ್ತು ಸಲವೋ ಹತ್ತು ಸಲವೋ ಆಯಿತು. ಕಪ್ಲರ್ ಮುರಿಯುವ ಆಯ್ಕೆಯನ್ನೇ ತೆಗೆದುಬಿಡು ಎಂದು ಬಳಗದವರು ಸಲಹೆ ಕೊಟ್ಟರು. ಹಾಗೆ ಮಾಡುವುದಾದರೆ ಇಷ್ಟೆಲ್ಲ ಏಕೆ, ನಾಲ್ಕು ವ್ಯಾಗನ್ ಕಟ್ಟಿಕೊಂಡು ಬಯಲಿನಲ್ಲಿ ಓಡಾಡಬಹುದಿತ್ತು.

ದಾರಿ ಸಿಕ್ಕಿದ್ದು ಒಂದು ಲೋಕೊವನ್ನು ರೈಲಿನ ಕೊನೆಯಲ್ಲಿರುವ ಗಾರ್ಡಿನ ಬ್ರೇಕ್ ವ್ಯಾನಿನ ಹಿಂದೆ ಬ್ಯಾಂಕರ್ (ಹಿಂದಿನಿಂದ ನೆರವಾಗುವ ಲೋಕೊ) ಆಗಿ ಕಟ್ಟಿದಾಗ. ನಮ್ಮ ಘಾಟಿಗಳಲ್ಲಿ ಬ್ಯಾಂಕರಿಗೆ ಬೇರೆಯೇ ಸಿಬ್ಬಂದಿ ಇರುತ್ತಾರೆ. ಸಿಮ್ಯುಲೇಟರಿನಲ್ಲಿ ಒಬ್ಬನೇ ಕುಳಿತರೆ ಹಿಂದಿನ ಲೋಕೊ ಮುಂದಿನದನ್ನು ಹಾಗೆಯೇ ಅನುಕರಿಸುತ್ತದೆ, ಅದರಿಂದ ಉಪಯೋಗ ಕಡಿಮೆ. ಇತ್ತೀಚಿನ ಆವೃತ್ತಿಗಳಲ್ಲಿ ಅಮೆರಿಕದ ರೇಡಿಯೊ ನಿಯಂತ್ರಿತ ಲೋಕೊಗಳಿಗಾಗಿ ಗುಂಪುಗಳನ್ನು ಬೇರ್ಪಡಿಸುವ ಸೌಲಭ್ಯ ಬಂದಿದೆ. ಅದನ್ನು ಬಳಸಿ ಬ್ಯಾಂಕರನ್ನು ಬೇರೆ ಗುಂಪಿಗೆ ಹಾಕಿ, ಅದರ ಚಾಲಕನ ಕೆಲಸವನ್ನೂ ನಾನೇ ಮಾಡಿದೆ. ಭಾರತದ ಘಾಟಿಗೆ ಅಮೆರಿಕದ ಸೌಲಭ್ಯವೇ ಎಂದು ಆಕ್ಷೇಪಿಸಿದವರಿಗೆ ನನ್ನ ಉತ್ತರ ಇಷ್ಟೇ: ಎರಡು ಕ್ಯಾಬಿನಲ್ಲಿ ಇಬ್ಬರು ಮಾಡುವುದನ್ನು ನಾನು ಎರಡು ಕೈಯಲ್ಲಿ ಮಾಡಿದ್ದೇನೆ.

ಕ್ರಮ ಹೀಗಿದೆ. ಸಕಲೇಶಪುರದಿಂದ ಹೊರಟು ಇಳಿಜಾರು ಶುರುವಾಗುವುದಕ್ಕೆ ಮೊದಲೇ ಬ್ಯಾಂಕರಿನ ಡೈನಮಿಕ್ ಬ್ರೇಕನ್ನು ಹೆಚ್ಚುಕಡಿಮೆ ಪೂರ್ತಿಗೆ ತಂದು ಅಲ್ಲಿಯೇ ಬಿಡುತ್ತೇನೆ. ಅದು ರೇಕಿನ ಬಾಲವನ್ನು ಹಿಡಿದು ಬಿಗಿಯಾಗಿ ಇಡುತ್ತದೆ. ಅನಂತರ ಪೈಪಿನಲ್ಲಿ ಅರ್ಧ ಕೆ.ಜಿ. ಮಾತ್ರ ಇಳಿಸುತ್ತೇನೆ, ನನ್ನ ಕಡತದ ಪ್ರಕಾರ ಅದರಿಂದ 40 ಟನ್ನಿನಷ್ಟು ಹಿಡಿತ ಸಿಗುತ್ತದೆ. ಉಳಿದದ್ದು ಮುಂದಿನ ಎರಡು ಲೋಕೊಗಳ ಪಾಲು, ಅವುಗಳ ಅರ್ಧ ಬಲವೂ ಖರ್ಚಾಗುವುದಿಲ್ಲವಾದ್ದರಿಂದ ವೇಗವನ್ನು ತಿದ್ದಲು ಕೈಯಲ್ಲಿ ಬೇಕಾದಷ್ಟು ಉಳಿಯುತ್ತದೆ. ಗಾಳಿ ಬ್ರೇಕನ್ನು ಅಲುಗಾಡಿಸದೆ ಇಟ್ಟು, ಏರಿಳಿತವನ್ನೆಲ್ಲ ಮುಂದಿನ ಡೈನಮಿಕ್ ಬ್ರೇಕಿನಲ್ಲೇ ತಿದ್ದುವುದು ಇಲ್ಲಿನ ಮುಖ್ಯ ಸಂಗತಿ. ಎರಡು ಗಂಟೆ ಹೀಗೆ ಉಜ್ಜುತ್ತಾ ಇಳಿದರೆ ಬ್ರೇಕ್ ಬ್ಲಾಕುಗಳೂ ಚಕ್ರಗಳೂ ಬಿಸಿಯೇರುತ್ತವೆ ಎಂದು ಮಾವನವರು ಹೇಳಿದ ಮಾತಿಗೆ ಬೆಲೆ ಕೊಟ್ಟು, ಇಳಿಜಾರು ಸಡಿಲವಾಗುವ ನಿಲ್ದಾಣದ ಅಂಗಳಗಳಲ್ಲಿ ಪೈಪಿನ ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ಬ್ರೇಕ್ ಬಿಡುತ್ತೇನೆ, ಅಂಗಳ ಮುಗಿಯುವ ಮೊದಲು ಮತ್ತೆ ಹಾಕುತ್ತೇನೆ. ಎಷ್ಟು ಮೀಟರ್ ಮೊದಲು ಎಂಬುದು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ, ಅಲ್ಲಿಯೇ ಇರಲಿ.

ಹಣದ ವಿಷಯದಲ್ಲಿ ನಾನು ಮಾಡಿದ ಮೂರ್ಖತನ ಸಣ್ಣದಲ್ಲ. ಓಪನ್ ರೈಲ್ಸ್ ಉಚಿತವೆಂದು ಮನೆಯಲ್ಲಿ ಹೇಳಿದವನು, ನಿಜವಾದ ಲಿವರ್‌ಗಳಿರುವ ರೈಲ್‌ಡ್ರೈವರ್ ಎಂಬ ಪೆಟ್ಟಿಗೆಯನ್ನು ವಿದೇಶದಿಂದ ತರಿಸಿದೆ. ಸಾಗಣೆ, ಸುಂಕ ಎಲ್ಲ ಸೇರಿ 28 ಸಾವಿರದ ಹತ್ತಿರ ಆಯಿತು. ಎರಡು ಗುಂಪಿನ ಲೋಕೊಗಳನ್ನು ಒಟ್ಟಿಗೆ ನೋಡಿಕೊಳ್ಳಲು ಅದರ ಒಂದೇ ಲಿವರ್ ನನಗೆ ಸಾಲದೆ ಈಗ ಕೀಬೋರ್ಡಿನ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳಲ್ಲೇ ಡೈನಮಿಕ್ ಬ್ರೇಕ್ ನಡೆಸುತ್ತೇನೆ, ಪೆಟ್ಟಿಗೆ ಪುಸ್ತಕದ ಕಪಾಟಿನ ಮೇಲಿದೆ. ಚಿತ್ರ ಜಗ್ಗುತ್ತದೆಂದು 30 ಸಾವಿರದ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, ಜಗ್ಗುವುದು ನಿಲ್ಲಲಿಲ್ಲ, ನನ್ನ ಯಂತ್ರದಲ್ಲಿ ಸೋಲುತ್ತಿದ್ದುದು ಪ್ರೊಸೆಸರ್. ನಿಜವಾಗಿ ಉಪಯೋಗಕ್ಕೆ ಬಂದದ್ದು 6 ಸಾವಿರದ ಯುಪಿಎಸ್. ಸಿರಿಬಾಗಿಲಿನ ಹತ್ತಿರ ಬಂದಾಗ ಕರೆಂಟು ಹೋಗಿ ಎರಡು ಗಂಟೆಯ ಓಟ ಕಳೆದುಕೊಂಡವನಿಗೆ ಅದರ ಬೆಲೆ ಗೊತ್ತು. ಎಫ್‌2 ಒತ್ತಿ ಉಳಿಸಿಟ್ಟುಕೊಂಡರಾಯಿತಲ್ಲ ಎನ್ನಬಹುದು. ಉಳಿಸಿಟ್ಟ ಓಟವು ಆವೃತ್ತಿ ಬದಲಾದ ಮರುದಿನ ತೆರೆಯದೆ ಹೋದದ್ದೂ ಇದೆ.

ನಡುವೆ ಮನಸ್ಸು ಬೇಸತ್ತಾಗ ಬೇರೆ ಪ್ರಯೋಗಗಳನ್ನೂ ಮಾಡಿದೆ. ಈ ಮಾರ್ಗ 1979ರಲ್ಲಿ ತೆರೆದಾಗ ಮೀಟರ್ ಗೇಜ್ ಆಗಿತ್ತು, ಬ್ರಾಡ್ ಗೇಜಿನಲ್ಲಿ ಸರಕು ಓಡಲು ಶುರುವಾದದ್ದು 2006ರಲ್ಲಿ. ಹಳೆಯ ಕಾಲದ ನೆನಪಿಗೆ ಎರಡು ವೈಡಿಎಂ-4 ಮೀಟರ್ ಗೇಜ್ ಡೀಸೆಲ್ ಲೋಕೊಗಳಿಗೆ ನಿರ್ವಾತ ಬ್ರೇಕಿನ ವ್ಯಾಗನ್‌ಗಳನ್ನು ಕಟ್ಟಿ ಇಳಿಸಿದೆ. ಬ್ರೇಕ್ ಹಿಡಿಯುವುದೂ ಬಿಡುವುದೂ ಎಷ್ಟು ನಿಧಾನವೆಂದರೆ, ಒಂದು ಸುರಂಗದಲ್ಲಿ ಹಾಕಿದ್ದು ಮುಂದಿನ ಸುರಂಗದಲ್ಲಿ ತಿಳಿಯುತ್ತಿತ್ತು. ಇನ್ನೊಂದು ಪ್ರಯೋಗ ಕ್ಯಾಲಿಫೋರ್ನಿಯಾದ ತೆಹಾಚಾಪಿಯಲ್ಲಿ, 1876ರಲ್ಲಿ ತೆರೆದ, ರೈಲು ತನ್ನ ಬಾಲದ ಮೇಲೆಯೇ ಹಾದುಹೋಗುವ ಆ ಸುತ್ತಿನಲ್ಲಿ. ಅಲ್ಲಿನ ವ್ಯಾಗನ್‌ಗಳು ಒಮ್ಮೆಲೇ ಬಿಡುವಂಥವಾದ್ದರಿಂದ ರಿಟೇನರ್ ವಾಲ್ವುಗಳನ್ನು (ಬ್ರೇಕ್ ಬಿಟ್ಟಾಗಲೂ ಸಿಲಿಂಡರಿನ ಗಾಳಿ ಪೂರ್ತಿ ಹೊರಹೋಗದಂತೆ ತಡೆಯುವಂಥವು) ಹಾಕಿಕೊಂಡು ಇಳಿದೆ. ಸಿಲಿಂಡರಿನಲ್ಲಿ ಸ್ವಲ್ಪ ಒತ್ತಡ ಉಳಿದಿರುವಾಗಲೇ ರಿಸರ್ವಾಯರ್ ತುಂಬಿಕೊಳ್ಳುವುದನ್ನು ಕಂಡಾಗ, ನಾನು ಘಾಟಿಯಲ್ಲಿ ಅರ್ಧ ಕೆ.ಜಿ. ಹಿಡಿದಿಟ್ಟು ಮಾಡುತ್ತಿರುವುದಕ್ಕೆ ಅದು ದೂರದ ನೆಂಟನೆನಿಸಿತು. ಮಳೆಗಾಲದ ಜಾರು ಹಳಿಯ ಪ್ರಯೋಗ ಮಾತ್ರ ಇನ್ನೂ ಕೈಗೆ ಹತ್ತಿಲ್ಲ, ಬ್ಯಾಂಕರಿನ ಚಕ್ರಗಳು ಜಾರಿದೊಡನೆ ಬಾಲದ ಬಿಗಿ ತಪ್ಪಿ ಎಲ್ಲವೂ ಕೆಡುತ್ತದೆ.

ಕಳೆದ ತಿಂಗಳ ಓಟದಲ್ಲಿ ಸುಬ್ರಹ್ಮಣ್ಯ ರೋಡ್ ತಲುಪಲು ಎರಡು ಗಂಟೆ ಹತ್ತು ನಿಮಿಷದ ಆಸುಪಾಸು ಹಿಡಿಯಿತು. ವೇಗ ಒಂದೇ ಒಂದು ಸಲ 31 ಮುಟ್ಟಿತು, ಕಪ್ಲರಿನ ಬಲ ಒಮ್ಮೆಯೂ ಕೆಂಪು ಬಣ್ಣಕ್ಕೆ ಹೋಗಲಿಲ್ಲ. ಎಫ್‌12ರಲ್ಲಿ ದಾಖಲಿಸಿದ ಅಂಕಿಗಳ ಕಡತವನ್ನು ಬಳಗಕ್ಕೆ ಕಳುಹಿಸಿದೆ. ಮೋಸವೆಂದಿದ್ದವರಲ್ಲಿ ಇಬ್ಬರು ನನ್ನ ವ್ಯಾಗನ್ ಕಡತ ಕೇಳಿದ್ದಾರೆ, ಒಬ್ಬರು ಇನ್ನೂ ಮಾತನಾಡಿಲ್ಲ. ಅದೇ ಅಂಕಿಗಳನ್ನು ಕಾಗದದ ಮೇಲೆ ಮುದ್ರಿಸಿ ಮಾವನವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೊದಲ ಪುಟವನ್ನೇ ಬಹಳ ಹೊತ್ತು ನೋಡಿ, "ಸಕಲೇಶಪುರ ಬಿಟ್ಟ ಮೇಲೆ ಬ್ರೇಕ್ ಫೀಲ್ ಟೆಸ್ಟ್ ಎಲ್ಲಿ ಮಾಡಿದೆ, ಕಾಣುವುದಿಲ್ಲವಲ್ಲ" ಎಂದು ಕೇಳಿದರು. ಹೊರಟ ಮೇಲೆ ಬ್ರೇಕ್ ಸರಿಯಾಗಿ ಹಿಡಿಯುತ್ತದೆಯೇ ಎಂದು ಹಾಕಿ ನೋಡುವ ಆ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ. ಬರುವ ಭಾನುವಾರ ಅದನ್ನೂ ಸೇರಿಸಿ ಮತ್ತೆ ಇಳಿಸುತ್ತೇನೆ, ಮಾವನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುವುದಾಗಿ ಹೇಳಿದ್ದಾರೆ.