ಎಕೋ ರಿಪೋರ್ಟಿನ ಎರಡು ಸಾಲು ಒಂದಕ್ಕೊಂದು ಹೊಂದದಿದ್ದಾಗ

74 ವರ್ಷದ ಅಜ್ಜಿ. ಮಗ ತಂದ ಎಕೋ (ಹೃದಯದ ಅಲ್ಟ್ರಾಸೌಂಡ್) ರಿಪೋರ್ಟಿನಲ್ಲಿ ಅಯೋರ್ಟಿಕ್ ವಾಲ್ವಿನ, ಅಂದರೆ ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲಿನ, ಬಾಯಿ 0.8 ಚದರ ಸೆಂಟಿಮೀಟರ್ ಅಂತಿತ್ತು. 1ಕ್ಕಿಂತ ಕಡಿಮೆಯಾದರೆ ವಾಲ್ವ್ ತುಂಬಾ ಕಿರಿದಾಗಿದೆ, ಸಿವಿಯರ್ ಅನ್ನುತ್ತೇವೆ. ಆದರೆ ಕೆಳಗಿನ ಸಾಲಲ್ಲೇ ಸರಾಸರಿ ಗ್ರೇಡಿಯಂಟ್ (ವಾಲ್ವಿನ ಆಚೆ ಈಚೆಯ ಒತ್ತಡದ ವ್ಯತ್ಯಾಸ) 28, ಸಿವಿಯರ್ ಅನ್ನಲು 40 ಬೇಕು. ಹೃದಯದ ಪಂಪಿಂಗ್ 60 ಪರ್ಸೆಂಟ್, ಚೆನ್ನಾಗಿದೆ. "ಡಾಕ್ಟ್ರೇ, ವಾಲ್ವ್ ಹಾಕಿಸಬೇಕಾ ಬೇಡವಾ, ಅಷ್ಟು ಹೇಳಿ" ಅಂದರು ಮಗ. ಅಜ್ಜಿ ತನಗೇನೂ ತೊಂದರೆ ಇಲ್ಲ ಅಂತಲೇ ಕೂತಿದ್ದರು. ಬಿಡದೆ ಕೇಳಿದಾಗ ಗೊತ್ತಾಯಿತು, ಮಹಡಿ ಹತ್ತುವುದನ್ನು ಬಿಟ್ಟು ಆರು ತಿಂಗಳಾಗಿತ್ತು.

ಇಂಥ ರಿಪೋರ್ಟ್ ಬಂದಾಗ ನಾನು ತಕ್ಷಣ ಸಿಟಿ ಸ್ಕ್ಯಾನಿಗೆ ಬರೆದುಕೊಡುವುದಿಲ್ಲ. ಮೊದಲು ಎಕೋವನ್ನೇ ಮತ್ತೆ ಮಾಡುತ್ತೇನೆ. ಅದಕ್ಕೂ ಮೊದಲು ಬಿಪಿ. ಅಜ್ಜಿಯದು 176 ಇತ್ತು, ಬಿಪಿ ಅಷ್ಟಿದ್ದರೆ ಗ್ರೇಡಿಯಂಟ್ ಕಡಿಮೆ ಕಾಣಬಹುದು. ಮಾತ್ರೆ ಕೊಟ್ಟು ವಾರ ಬಿಟ್ಟು ಕರೆಸಿದೆ. ಆಮೇಲೆ ವಾಲ್ವಿನ ಕೆಳಗಿನ ದಾರಿಯ ಅಗಲ ಅಳೆದೆ. ಹಳೆಯ ರಿಪೋರ್ಟಿನಲ್ಲಿ 17 ಮಿಲಿಮೀಟರ್, ನನಗೆ ಸಿಕ್ಕಿದ್ದು 18. ಒಂದು ಮಿಲಿಮೀಟರ್ ತಾನೇ ಅನ್ನಿಸಬಹುದು, ಆದರೆ ವಾಲ್ವಿನ ಬಾಯಿಯ ಲೆಕ್ಕದಲ್ಲಿ ಈ ಅಗಲದ ವರ್ಗ ಬರುತ್ತದೆ, ಅಲ್ಲಿಗೆ 12 ಪರ್ಸೆಂಟ್ ವ್ಯತ್ಯಾಸವಾಯಿತು. ಕೊನೆಗೆ ಅಜ್ಜಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ಚಿತ್ರ ತೋರಿಸದ ಸಣ್ಣ ಪೆನ್ಸಿಲ್ ಪ್ರೋಬನ್ನು ಎದೆಮೂಳೆಯ ಬಲಗಡೆ ಇಟ್ಟು ಹುಡುಕಿದೆ. ರಕ್ತದ ವೇಗ ಸೆಕೆಂಡಿಗೆ 3.4 ಇದ್ದದ್ದು 3.8 ಮೀಟರ್ ಸಿಕ್ಕಿತು. ಈ ಕೆಲಸಕ್ಕೆ ಹತ್ತು ನಿಮಿಷ ಜಾಸ್ತಿ ಬೇಕು, ರಶ್ ಇದ್ದ ದಿನ ಬಿಟ್ಟುಹೋಗುವುದೂ ಇದೇ.

ಈಗ ಗ್ರೇಡಿಯಂಟ್ 35. ಅಗಲ, ವೇಗ ಎರಡೂ ಏರಿದ್ದರಿಂದ ಬಾಯಿಯ ಲೆಕ್ಕ ಮತ್ತೆ 0.8ಕ್ಕೇ ಬಂದು ನಿಂತಿತು. ಇನ್ನೂ ಹೊಂದಲಿಲ್ಲ. ಸಿಟಿ ಬೇಕಾಗಿದ್ದು ಈಗ. ಕಾಂಟ್ರಾಸ್ಟ್ (ಬಣ್ಣದ ಇಂಜೆಕ್ಷನ್) ಬೇಡ, ಇಸಿಜಿ ಗೇಟಿಂಗ್ (ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಇರಲೇಬೇಕು, ವಾಲ್ವಿನ ಕ್ಯಾಲ್ಸಿಯಂ ಸ್ಕೋರ್ (ಎಷ್ಟು ಸುಣ್ಣಗಟ್ಟಿದೆ ಎಂಬ ಅಳತೆ) ಮಾತ್ರ ಸಾಕು ಅಂತ ಚೀಟಿಯಲ್ಲೇ ಬರೆದೆ. ಹಿಂದೊಮ್ಮೆ ಗೇಟಿಂಗ್ ಅಂತ ಬರೆಯದೆ, ಸುಮ್ನೆ ಎದೆಯ ಸಿಟಿ ಆಗಿ ಬಂದು, ಪಾಪ ಆ ರೋಗಿ ಎರಡು ಸಲ ಮಾಡಿಸಬೇಕಾಯಿತು. ಅದು ನನ್ನದೇ ತಪ್ಪು.

ಸ್ಕೋರ್ 1,850 ಬಂತು. ಗಂಡಸರಲ್ಲಿ 2,000 ದಾಟಿದರೆ ಸಿವಿಯರ್ ಇರಬಹುದು ಅಂತ ಲೆಕ್ಕ, ಹೆಂಗಸರಲ್ಲಿ 1,200ಕ್ಕೇ ಹಾಗೆ ಅಂದುಕೊಳ್ಳಬೇಕು. ಅವರ ವಾಲ್ವ್ ಅಷ್ಟು ಸುಣ್ಣಗಟ್ಟದೆ, ನಾರುಗಟ್ಟಿಯೂ ಬಿಗಿಯಾಗುತ್ತದೆ. ಇದೇ 1,850 ಅಜ್ಜಿಯ ಗಂಡನದ್ದಾಗಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ. ಅಜ್ಜಿಗೆ ವಾಲ್ವ್ ಬೇಕು ಅಂತ ಧೈರ್ಯವಾಗಿ ಹೇಳಿದೆ. ರುಮ್ಯಾಟಿಕ್ ಜ್ವರದಿಂದ ಕೆಟ್ಟ ವಾಲ್ವಿಗೆ ಮಾತ್ರ ಈ ಸ್ಕೋರನ್ನು ನಾನು ನಂಬುವುದಿಲ್ಲ.

ಎಂಆರ್‌ಐ ಯಾಕೆ ಮಾಡಿಸಲಿಲ್ಲ ಅಂತ ಮಗ ಕೇಳಿದರು. ಕಿರಿದಾದ ವಾಲ್ವಿನಲ್ಲಿ ಅದು ವೇಗವನ್ನು ಕಡಿಮೆ ತೋರಿಸುತ್ತದೆ. ಅದು ನಿಜವಾಗಿ ಕೆಲಸಕ್ಕೆ ಬರುವುದು ಲೀಕ್ ಅಳೆಯಲು. ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಬಾಗಿಲು) ಲೀಕ್ ಇದ್ದ ಒಬ್ಬರಿಗೆ ಎಕೋದಲ್ಲಿ ಲೀಕಿನ ಬಣ್ಣದ ಧಾರೆ ಗೋಡೆಗೆ ಅಂಟಿಕೊಂಡು ಹರಿಯುತ್ತಿತ್ತು, ನೋಡಲು ಸಣ್ಣದು, ಮಾಡರೇಟ್ ಅನ್ನಿಸುತ್ತಿತ್ತು. ಎಂಆರ್‌ಐನಲ್ಲಿ ಪ್ರತಿ ಬಡಿತಕ್ಕೆ ಎಡ ಕುಹರದಿಂದ (ಎಡಗಡೆಯ ಕೆಳಗಿನ ಕೋಣೆ) ಹೊರಟದ್ದು 128 ಮಿಲಿ, ಮೈಗೆ ರಕ್ತ ಒಯ್ಯುವ ದೊಡ್ಡ ನಾಳವಾದ ಅಯೋರ್ಟಾಕ್ಕೆ ಹೋದದ್ದು 60 ಮಾತ್ರ. ಉಳಿದ 68 ಹಿಂದಕ್ಕೆ! ಅರ್ಧಕ್ಕಿಂತ ಜಾಸ್ತಿ. ಆದರೆ ಬಡಿತ ತಾಳ ತಪ್ಪಿದ್ದರೆ ಚಿತ್ರ ಕೆಡುತ್ತದೆ. ವಾಲ್ವಿಗೆ ಸೋಂಕಿನ ಗಡ್ಡೆ ಅಂಟಿದೆಯಾ ಅಂತ ನೋಡಲೂ ಇದು ಬೇಡ, ಅಲ್ಲಿ ಎಕೋನೇ ಸರಿ.

ನನ್ನ ಹತ್ತಿರ ಬರುವವರಿಗೆ ಒಂದು ಕೋರಿಕೆ: ಹಾಳೆಯ ಜೊತೆ ಎಕೋ ವಿಡಿಯೋ ಇರುವ ಸಿಡಿಯನ್ನೋ ಪೆನ್‌ಡ್ರೈವನ್ನೋ ಕೇಳಿ ತನ್ನಿ. ಆ 17 ಮಿಲಿಮೀಟರನ್ನು ಎಲ್ಲಿ ಅಳೆದರು ಅಂತ ಹಾಳೆ ನೋಡಿದರೆ ನನಗೆ ತಿಳಿಯುವುದಿಲ್ಲ.